ಖಂಬಾನೋ ತೂಫಾನೋ?

ಯಾವುದೋ ಅರ್ಜಿಗೆ ಪಾಸ್‌ಪೋರ್ಟ್ ಅಳತೆಯ ಎರಡು ಫೋಟೋ ಬೇಕಾಗಿದ್ದವು. ಬೇಡವಾದಾಗ ಅಂಥ ಫೋಟೋಗಳು ಮನೆಯ ಎಲ್ಲ ಪುಸ್ತಕಗಳಿಂದಲೂ ಉದುರುತ್ತವೆ. ಬೇಕಾದ ದಿನ ಮಾತ್ರ ನನ್ನ ಮುಖ ನನ್ನ ಮನೆಯಲ್ಲೇ ಸಿಗುವುದಿಲ್ಲ. ಕಪಾಟಿನ ಕೆಳಗಿನ ಖಾನೆಯನ್ನು ಪೂರ್ತಿ ನೆಲಕ್ಕೆ ಸುರಿದು ಹುಡುಕಿದಾಗ ಸಿಕ್ಕಿದ್ದು, ಮದುವೆಯಾದ ಮರುವಾರ ನಾವಿಬ್ಬರೂ ಭಾಲ್ಕಿಯ ಸ್ಟುಡಿಯೋದಲ್ಲಿ ತೆಗೆಸಿದ ಫೋಟೋ. ನಾನು ಕೋಟು ಹಾಕಿದ್ದೇನೆ. ಅದು ನನ್ನದಲ್ಲ, ಸ್ಟುಡಿಯೋದ್ದು. ಪಕ್ಕದಲ್ಲಿ ಹೆಂಡತಿ. ನಮ್ಮ ಹಿಂದೆ ನೀರು ಉಕ್ಕುತ್ತಿದೆ, ಮಿಂಚು ಹೊಡೆಯುತ್ತಿದೆ, ಆಕಾಶ ಹರಿದು ಮೈಮೇಲೆ ಬೀಳುವ ಹಾಗಿದೆ. ನಾವು ಮಾತ್ರ ಬಸ್ಸಿಗೆ ಕಾಯುವವರಂತೆ ನೆಟ್ಟಗೆ ನಿಂತಿದ್ದೇವೆ.

ಹೆಂಡತಿ ಕನ್ನಡಕ ಏರಿಸಿ ನೋಡಿದಳು.

“ನಿಮ್ಮ ಮಾರಿ ನೋಡ್ರಿ. ಅಷ್ಟ ದೊಡ್ಡ ತೂಫಾನ್ ಬಂದದ, ನಿಮಗ ಖಬರೇ ಇಲ್ಲ.”

“ಪೇಪರಿನವ್ರು ಗಾಬರಿ ಆಗಬಾರ್ದು” ಅಂದೆ, ಪತ್ರಿಕೆಯಲ್ಲೇ ತಲೆ ನರೆತವನು.

“ಗಾಬರಿ ಬ್ಯಾಡ, ಜರಾ ನಕ್ಕಿದ್ರ ಸಾಕಿತ್ತು. ನಮ್ಮ ತವರು ಮೆಹಕರದಾಗ ಈ ಫೋಟೋ ನೋಡಿ ಎಲ್ಲಾರೂ, ಅಳಿಯಂದ್ರಿಗಿ ಹಲ್ಲ ಬ್ಯಾನಿ ಅದ ಏನು ಅಂತ ಕೇಳಿದ್ರು.”

ನಿಮ್ಮಲ್ಲಿ ಯಾರಾದರೂ ಆಗ ಭಾಲ್ಕಿಯ ಕಡೆ ಓಡಾಡಿದವರಿದ್ದರೆ ಈ ತೂಫಾನು ಗೊತ್ತಿರುತ್ತದೆ. ಖಾದರ್ ಸಾಹೇಬರ ಸ್ಟುಡಿಯೋದಲ್ಲಿ ಎರಡೇ ಪರದೆಗಳಿದ್ದವು. ಒಂದರ ಮೇಲೆ ಬಿಳಿ ಕಂಬಗಳ ಸಾಲು, ಹಿಂದೆ ಮೂರು ಕಮಾನು, ಕೆಳಗೆ ಚದುರಂಗದ ಮಣೆಯಂಥ ಕಪ್ಪುಬಿಳುಪು ನೆಲ. ಇನ್ನೊಂದರ ಮೇಲೆ ಈ ಬಿರುಗಾಳಿ. ಗಿರಾಕಿ ಹೊಸ್ತಿಲು ದಾಟುವುದರೊಳಗೆ ಸಾಹೇಬರು ಒಳಗಿನಿಂದಲೇ ಕೂಗುತ್ತಿದ್ದರು: “ಖಂಬಾನೋ ತೂಫಾನೋ?”

ಯಾರಿಗೆ ಯಾವುದು ಅನ್ನುವುದಕ್ಕೆ ಬರೆದಿಟ್ಟ ನಿಯಮವಿರಲಿಲ್ಲ, ಆದರೆ ತಪ್ಪಿದವರೂ ಇರಲಿಲ್ಲ. ನಿವೃತ್ತರಾದ ಮಾಸ್ತರುಗಳು, ಚರ್ಚಿನ ಪಾದ್ರಿಗಳು, ಮೆಟ್ರಿಕ್ ಪಾಸಾದವರು, ಗಂಡಿನ ಕಡೆಯವರಿಗೆ ಫೋಟೋ ಕಳಿಸಬೇಕಾದ ಹೆಣ್ಣುಮಕ್ಕಳು, ಇವರೆಲ್ಲ ಕಂಬದ ಪರದೆಗೆ. ಹೊಸ ಜೋಡಿಗಳು, ಮಿಲಿಟರಿಗೆ ಹೊರಟವರು, ಹೊಸ ಮೋಟರ್‌ಸೈಕಲ್ ಕೊಂಡವರು ತೂಫಾನಿಗೆ. ಒಮ್ಮೆ ನನ್ನ ಕಣ್ಣೆದುರೇ ಒಬ್ಬ ಮಾಸ್ತರು ನಿವೃತ್ತಿಯ ಹಾರ ಕೊರಳಲ್ಲಿರುವಾಗಲೇ ತೂಫಾನಿನ ಮುಂದೆ ಹೋಗಿ ನಿಂತುಬಿಟ್ಟರು. ಅವರ ಹೆಂಡತಿ ತೋಳು ಹಿಡಿದು ಈಚೆ ಎಳೆದರು: “ರಿಟೈರ್ ಆಗೀರಿ, ಓಡಿ ಹೊಂಟಿಲ್ಲ. ಸುಮ್ಮ ಖಂಬದ ಕಡಿ ಬರ್ರಿ.”

ಹೆಣ್ಣಿನ ಫೋಟೋ ತೂಫಾನಿನದಾದರೆ ಹುಡುಗಿ ಜೋರು ಅಂತ ಅರ್ಥ. ಔರಾದ ತಾಲೂಕಿನ ಎಕಂಬಾದಿಂದ ಬಂದ ನಮ್ಮ ಅತ್ತಿಗೆಯ ಫೋಟೋ ಕಂಬದ್ದು. ಅಣ್ಣನಿಗೆ ಇವತ್ತಿಗೂ ಆ ಸ್ಟುಡಿಯೋದ ಮೇಲೆ ಸಿಟ್ಟಿದೆ.

ಖಾದರ್ ಸಾಹೇಬರ ಈ ಪ್ರಶ್ನೆಯನ್ನು ಯುರೋಪು ಅವರಿಗಿಂತ ಸುಮಾರು ಇನ್ನೂರು ವರ್ಷ ಮೊದಲೇ ಕೇಳಿತ್ತು ಎಂಬುದು ನನಗೆ ತಿಳಿದದ್ದು ಬೀದರಿನ ಪತ್ರಿಕೆಯ ಡೆಸ್ಕಿನಲ್ಲಿ. ಭಾನುವಾರದ ಪುರವಣಿ ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಒಂದು ವಾರ ಬರಬೇಕಾದ ಲೇಖನ ಬರಲಿಲ್ಲ. ಅರ್ಧ ಪುಟ ಖಾಲಿ ಉಳಿಯಿತು. ಗ್ರಂಥಾಲಯದಿಂದ ಚಿತ್ರಕಲೆಯ ಒಂದು ದಪ್ಪ ಪುಸ್ತಕ ತಂದು, ನಿಯೋಕ್ಲಾಸಿಕಲ್ ಮತ್ತು ರೊಮ್ಯಾಂಟಿಕ್ ಎಂಬ ಎರಡು ಶೈಲಿಗಳ ಬಗ್ಗೆ ಬರೆದು ಪುಟ ತುಂಬಿಸಿದೆ. ಖಾಲಿ ಜಾಗದ ಭಯಕ್ಕಿಂತ ದೊಡ್ಡ ವಿದ್ಯಾಗುರು ನನಗೆ ಸಿಕ್ಕಿಲ್ಲ.

ಆ ಪುಸ್ತಕದ ಒಂದು ಚಿತ್ರದಲ್ಲಿ ಮೂವರು ಅಣ್ಣತಮ್ಮಂದಿರು ಅಪ್ಪ ಎತ್ತಿ ಹಿಡಿದ ಕತ್ತಿಗಳ ಕಡೆಗೆ ತೋಳು ಚಾಚಿ ಪ್ರತಿಜ್ಞೆ ಮಾಡುತ್ತಿದ್ದಾರೆ. ಹಿಂದೆ ಮೂರು ಕಮಾನು. ಗೆರೆ ಗೆರೆಯ ಹಾಗಿದೆ, ಬೆಳಕು ಒಂದೇ ಕಡೆಯಿಂದ ಬಂದು ಎಲ್ಲಿ ಬೀಳಬೇಕೋ ಅಲ್ಲೇ ಬಿದ್ದಿದೆ. ಬಲಗಡೆ ಹೆಂಗಸರು ಅಳುತ್ತಾರೆ, ಆದರೆ ಅಳುವುದಕ್ಕೂ ಒಂದು ಮೂಲೆ ಗೊತ್ತುಮಾಡಿಕೊಟ್ಟಿದ್ದಾರೆ. ಇದು ನಿಯೋಕ್ಲಾಸಿಕಲ್. ಹಳೆಯ ರೋಮು, ಗ್ರೀಸುಗಳ ಶಿಸ್ತೇ ಇದಕ್ಕೆ ಮೇಲ್ಪಂಕ್ತಿ. ಇನ್ನೊಂದು ಚಿತ್ರದಲ್ಲಿ ಹಡಗು ಕಳೆದುಕೊಂಡವರು ಒಂದು ಮುರುಕು ತೆಪ್ಪದ ಮೇಲಿದ್ದಾರೆ. ಸತ್ತವರು, ಸಾಯುವವರು, ದೂರದಲ್ಲಿ ಚುಕ್ಕೆಯಂತೆ ಕಂಡ ಹಡಗಿಗೆ ಬಟ್ಟೆ ಬೀಸುವವರು ಎಲ್ಲ ಒಬ್ಬರ ಮೇಲೊಬ್ಬರು. ಅಲ್ಲಿ ಯಾರಿಗೂ ಮೂಲೆ ಗೊತ್ತಾಗಿಲ್ಲ. ನೀರು ದೊಡ್ಡದು, ಮನುಷ್ಯ ಚಿಕ್ಕವನು, ಅವನ ಆಸೆ ಮಾತ್ರ ನೀರಿಗಿಂತ ದೊಡ್ಡದು. ಇದು ರೊಮ್ಯಾಂಟಿಕ್.

ನಮ್ಮ ಕಸುಬಿನ ಮಾತಿನಲ್ಲಿ ಹೇಳುವುದಾದರೆ, ಮೊದಲನೆಯದು ಎರಡು ಸಲ ತಿದ್ದಿದ ಪ್ರತಿ. ಎರಡನೆಯದು ವರದಿಗಾರ ಮಳೆಯಲ್ಲಿ ನಿಂತು ಫೋನಿನಲ್ಲಿ ಕೂಗಿ ಹೇಳುವ ಸುದ್ದಿ. ನಾನು ಸ್ವಭಾವತಃ ಕಂಬದ ಪಕ್ಷದವನು. ಮೂವತ್ತು ವರ್ಷ ಇನ್ನೊಬ್ಬರ ಬರಹದಿಂದ ‘ಭೀಕರ’, ‘ಹೃದಯವಿದ್ರಾವಕ’ ಮುಂತಾದ ಪದಗಳನ್ನು ಕಿತ್ತು ಬದುಕಿದವನು. ಮನೆಯಲ್ಲಿ ಸಾರಿಗೆ ಖಾರ ಹೆಚ್ಚಾದರೆ “ಖಾರದ ಪ್ರಮಾಣ ಅಧಿಕವಾಗಿರುವ ಬಗ್ಗೆ ದೂರುಗಳಿವೆ” ಅನ್ನುತ್ತೇನೆ. “ದೂರು ಕೊಟ್ಟವ್ರು ಯಾರಂತ ಬರೀರಿ” ಅನ್ನುತ್ತಾಳೆ ಹೆಂಡತಿ.

ಈ ಅರ್ಧ ಪುಟದ ಪಾಂಡಿತ್ಯ ಇಷ್ಟು ವರ್ಷಗಳ ಮೇಲೆ ನನ್ನನ್ನು ಹುಡುಕಿಕೊಂಡು ಬರುತ್ತದೆ ಅಂದುಕೊಂಡಿರಲಿಲ್ಲ. ಹೋದ ವರ್ಷ ಬೀದರಿನ ಒಂದು ಕಾಲೇಜಿನ ಪ್ರಾಂಶುಪಾಲೆ ಸುನಂದಾ ಮೇಡಂ ಫೋನ್ ಮಾಡಿದರು. ಹೊಸ ಕಟ್ಟಡದ ಪಡಸಾಲೆಯ ದೊಡ್ಡ ಗೋಡೆಗೆ ನಮ್ಮ ಜಿಲ್ಲೆಯದೇ ಆದ ಒಂದು ಚಿತ್ರ ಬೇಕಂತೆ. ಭಾಲ್ಕಿಯ ಪರದೆಗಳ ಸುದ್ದಿ ಅವರ ಕಿವಿಗೆ ಬಿದ್ದಿತ್ತು.

“ಗ್ವಾಡಿಗಿ ಒಂದೇ ಹಿಡಸ್ತದ ಸರ್. ಎರಡರಾಗ ಯಾವುದು ಛಲೋ ಅಂತ ನೀವು ಎರಡು ಪುಟ ಬರ್ದು ಕೊಡ್ರಿ. ಸೋಮವಾರ ಕಮಿಟಿ ಅದ.”

ಖಾದರ್ ಸಾಹೇಬರು ಈಗಿಲ್ಲ. ಸ್ಟುಡಿಯೋವನ್ನು ಮಗಳು ನಸ್ರೀನ್ ನಡೆಸುತ್ತಾಳೆ. ಈಗ ಹಿಂದೆ ಹಸಿರು ಬಟ್ಟೆ ಕಟ್ಟಿ ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ಬೇಕಾದ ದೇಶ ಅಂಟಿಸಿಕೊಡುತ್ತಾಳೆ. ಹಳೆಯ ಪರದೆಗಳು ಸುರುಳಿಯಾಗಿ ಅಟ್ಟದ ಮೇಲಿದ್ದವು. “ಬರ್ರಿ ಭಾಯ್, ಬಿಚ್ಚಿ ತೋರಸ್ತೇನಿ” ಅಂದಳು ಫೋನಿನಲ್ಲಿ. ನನಗೆ ಆ ಬಿಸಿಲಿನಲ್ಲಿ ಬಸ್ಸು ಹತ್ತುವ ಮನಸ್ಸಾಗಲಿಲ್ಲ. ಹಳೆಯ ಫೋಟೋಗಳಿದ್ದರೆ ಮೊಬೈಲಿಗೆ ಕಳಿಸು ಅಂದೆ. ಹನ್ನೆರಡು ಕಳಿಸಿದಳು. ನಮ್ಮ ಆಲ್ಬಮಿನಲ್ಲಿ ನಾಲ್ಕಿದ್ದವು. ಹದಿನಾರು ದಾಖಲೆಗಳನ್ನು ಮುಂದಿಟ್ಟುಕೊಂಡು, ಭೂತಗನ್ನಡಿ ಹಿಡಿದು, ಎರಡೂ ಪಕ್ಷಗಳಿಗೆ ಅನ್ಯಾಯವಾಗದ ಹಾಗೆ ಟಿಪ್ಪಣಿ ಬರೆದೆ. ಕಂಬದ ಪರದೆಯ ಗೆರೆಗಳ ಹದ, ತೂಫಾನಿನ ಬಣ್ಣದ ಧೈರ್ಯ ಎರಡನ್ನೂ ಹೊಗಳಿದೆ. ಎರಡನೆಯ ಪುಟದ ಮೂರನೆಯ ಪ್ಯಾರಾದಲ್ಲಿ ಹೀಗೊಂದು ಮಾತು ಬರೆದೆ: ‘ಆದರೆ ತೂಫಾನಿನ ಪರದೆಯ ನಡುವೆ ಏನೂ ಇಲ್ಲ. ಎರಡೂ ಬದಿಯ ಅಲೆಗಳು ಎದ್ದು ಬಂದು ಖಾಲಿ ಜಾಗಕ್ಕೆ ಬಡಿಯುತ್ತವೆ. ಇದು ರಚನೆಯ ದೋಷ.’ ಓದಿಕೊಂಡಾಗ ನನಗೇ ಖುಷಿಯಾಯಿತು. ಗುರುವಾರ ಇಮೇಲ್ ಮಾಡಿದೆ.

ಎರಡೂ ಪರದೆಗಳನ್ನು ಬರೆದವರು ಒಬ್ಬರೇ. ಬೀದರಿನ ಮಂಗಲಪೇಟೆಯ ಜೀವರತ್ನ ಮಾಸ್ತರು. ಮಿಷನ್ ಸಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದ ಮೆಥೋಡಿಸ್ಟ್ ಮನೆತನದವರು, ಈಗ ಎಂಬತ್ತನಾಲ್ಕು. ಶನಿವಾರ ಅವರಿಗೆ ಸುದ್ದಿ ಮುಟ್ಟಿಸೋಣ ಅಂತ ಹೋದೆ. ಅಂಗಳದ ಕುರ್ಚಿಯಲ್ಲಿ ಕೂತಿದ್ದರು. ಕಣ್ಣು ಹೇಗಿದೆ ಅಂತ ಕೇಳಿದೆ.

“ಒಂದು ರಿಟೈರ್ ಆಗ್ಯಾದ. ಇನ್ನೊಂದು ಎಕ್ಸ್‌ಟೆನ್ಶನ್ ಮ್ಯಾಲ ಅದ. ಮುಂದಿನ ಬ್ಯಾಸಗಿ ತನಕ ನಡೀತದ ಅಂತಾರ ಡಾಕ್ಟರ್. ಅದಿರ್ಲಿ, ಏನ್ ಬರ್ದೀರಿ ಓದ್ರಿ.”

ನಾನು ಮೊಬೈಲ್ ತೆಗೆದು ಓದಿದೆ. ಕಂಬದ ಭಾಗಕ್ಕೆ ತಲೆಯಾಡಿಸಿದರು. ಮಿಷನ್ ಬಂಗಲೆಯಲ್ಲಿ ಯಾರೋ ಬಿಟ್ಟುಹೋದ ದೊಡ್ಡ ಪುಸ್ತಕದಿಂದ ಅದನ್ನು ಎತ್ತಿಕೊಂಡದ್ದಂತೆ. ಸುಣ್ಣ ಹಚ್ಚಿದ ದಾರ ಎಳೆದು ಗೆರೆ ಹೊಡೆದದ್ದು. ‘ನಡುವೆ ಏನೂ ಇಲ್ಲ’ ಅನ್ನುವಲ್ಲಿಗೆ ಬಂದಾಗ ತಲೆ ನಿಂತಿತು.

“ಇನ್ನೊಮ್ಮೆ ಓದ್ರಿ.”

ಓದಿದೆ.

“ಪರದಿ ನೋಡಿರೇನು?”

“ಫೋಟೋದಾಗ ನೋಡೀನ್ರಿ. ಹದಿನಾರು ಫೋಟೋ.”

“ಫೋಟೋದಾಗ ನೀವು ನೋಡಿದ್ದು ಮಂದೀನ. ಪರದಿ ಅಲ್ಲ.” ಅವರ ದನಿ ಏರಲಿಲ್ಲ. “ನಲವತ್ತು ವರ್ಷ ಭಾಲ್ಕಿ ತಾಲೂಕಿನ ಮಂದಿ ಎಲ್ಲಾ ಬಂದು ನನ್ನ ಚಿತ್ರಕ್ಕ ಬೆನ್ನ ಹಾಕಿ ನಿಂತಾರ. ಅವ್ರ ಮ್ಯಾಲ ನನಗ ಸಿಟ್ಟಿಲ್ಲ, ಅದು ಪರದೀನೇ. ಆದ್ರ ನೀವು ಬೆನ್ನ ಹಾಕಿ ಬರ್ದೀರಲ್ಲ.”

ನಾನು ಮೊಬೈಲ್ ಕಿಸೆಗೆ ಹಾಕಿದೆ. ಮಾಸ್ತರು ಹೇಳಿದರು: “ಖಂಬಾ ಸಾಹೇಬ್ರು ಹೇಳಿ ಬರಸಿದ್ದು. ತೂಫಾನ್ ನಾ ಬರ್ದಿದ್ದು. ಒಮ್ಮೆರ ಅದು ಗ್ವಾಡಿ ಮ್ಯಾಲ ಇರಬೇಕು, ಯಾರರ ಅದರ ಕಡಿ ಮಾರಿ ಮಾಡಿ ನಿಲ್ಲಬೇಕು, ಅದನ್ನ ನಾ ಈ ಕಣ್ಣಿಲೆ ನೋಡಬೇಕು. ಇಷ್ಟೇ ಇತ್ತು. ಹೋಗ್ಲಿ ಬಿಡ್ರಿ, ಚಹಾ ಕುಡೀರಿ.”

ಚಹಾ ಕುಡಿದೆನೋ ಇಲ್ಲವೋ ನೆನಪಿಲ್ಲ. ಸ್ಥಳಕ್ಕೆ ಹೋಗದೆ ಬರೆಯಬಾರದು ಎಂಬುದು ನಮ್ಮ ಕಸುಬಿನ ಮೊದಲ ಪಾಠ. ಊರಲ್ಲಿ ಪ್ರವಾಹ ಬಂದರೆ ಫೋನಿನಲ್ಲಿ ಕೇಳಿ ಬರೆದ ಎಷ್ಟು ಹುಡುಗರನ್ನು ನಾನೇ ಎಲ್ಲರೆದುರು ಬೈದಿದ್ದೇನೆ. ಒಬ್ಬನನ್ನಂತೂ ಕಾಲು ಒದ್ದೆಯಾಗದೆ ಆಫೀಸಿಗೆ ಬರಬೇಡ ಅಂತ ವಾಪಸ್ಸು ಕಳಿಸಿದ್ದೆ. ಅಂಥ ನಾನು ಒಂದು ತಾಸಿನ ಬಸ್ ಪ್ರಯಾಣಕ್ಕೆ ಬೇಸರಪಟ್ಟು ಒಬ್ಬ ಮನುಷ್ಯನ ಇಡೀ ಆಸೆಯ ಮೇಲೆ ‘ರಚನೆಯ ದೋಷ’ ಅಂತ ಮುದ್ರೆ ಒತ್ತಿದ್ದೆ. ಕಮಿಟಿಗೆ ಉಳಿದದ್ದು ಒಂದೇ ದಿನ.

ಭಾನುವಾರ ಮೊದಲ ಬಸ್ಸಿಗೆ ಭಾಲ್ಕಿಗೆ ಹೋದೆ. ನಸ್ರೀನ್ ಆಗ ತಾನೇ ಶಟರ್ ಎತ್ತುತ್ತಿದ್ದಳು.

“ಏನ್ ಭಾಯ್, ಇಷ್ಟ ಲಗೂನ? ಪಾಸ್‌ಪೋರ್ಟ್ ಫೋಟೋ ಬೇಕೇನು?”

“ಪರದಿ ಬಿಚ್ಚು ತಂಗಿ.”

ಇಬ್ಬರೂ ಸೇರಿ ಕಂಬದ ಸುರುಳಿಯನ್ನು ಮೊದಲು ಬಿಡಿಸಿದೆವು. ದಪ್ಪ ಹತ್ತಿ ಬಟ್ಟೆ, ಮಡಿಕೆ ಮಡಿಕೆಗೆ ನುಸಿಗುಳಿಗೆಯ ವಾಸನೆ. ಕಂಬಗಳ ನಡುವೆ ನಿಜವಾಗಿಯೂ ಏನೂ ಇರಲಿಲ್ಲ. ಅಚ್ಚುಕಟ್ಟಾದ ಖಾಲಿ ಜಾಗ. ಅಲ್ಲೊಬ್ಬ ಮನುಷ್ಯ ಬಂದು ನಿಲ್ಲುತ್ತಾನೆ, ಅವನಿಗೆ ಗೌರವ ಕೊಡಬೇಕು ಅಂತ ಕಂಬಗಳು ಎರಡು ಹೆಜ್ಜೆ ಹಿಂದೆ ಸರಿದು ನಿಂತಂತಿತ್ತು. ಆಮೇಲೆ ತೂಫಾನು ಬಿಡಿಸಿದೆವು. ಮೇಲಿನಿಂದ ಕಪ್ಪು ಮೋಡ ಬಂತು, ಮಿಂಚು ಬಂತು, ಅಲೆಯ ನೊರೆ ಬಂತು. ಸುರುಳಿ ನಡುವಿಗೆ ಬಂದಾಗ ನನ್ನ ಕೈ ನಿಂತಿತು.

ನಡುವೆ ಒಂದು ದೋಣಿಯಿತ್ತು.

ಅಲೆಯ ನೆತ್ತಿಯ ಮೇಲೆ ವಾರೆಯಾಗಿ ನಿಂತ ದೋಣಿ. ಅದರಲ್ಲಿ ಆರು ಜನ. ಒಬ್ಬಾಕೆ ಕಂದೀಲು ಎತ್ತಿ ಹಿಡಿದಿದ್ದಾಳೆ, ಇಡೀ ಪರದೆಯ ಮೇಲಿನ ಹಳದಿ ಬೆಳಕೆಲ್ಲ ಬರುವುದು ಆ ಕಂದೀಲಿನಿಂದಲೇ. ಒಬ್ಬಾತ ಬಿರುಗಾಳಿಯಲ್ಲೂ ಛತ್ರಿ ಬಿಟ್ಟಿಲ್ಲ. ಒಬ್ಬ ತೆಳ್ಳನೆಯ ತರುಣ ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತಿದ್ದಾನೆ. ಇವರೆಲ್ಲರ ಕಾಲಸಂದಿಯಿಂದ ಒಂದು ಆಡು ಕತ್ತು ಚಾಚಿ ನಮ್ಮನ್ನೇ ನೋಡುತ್ತಿದೆ. ಎಲ್ಲವೂ ಸರಿಯಾಗಿ ನಿಂತ ಮನುಷ್ಯನ ಎದೆಯ ಎತ್ತರಕ್ಕೆ.

ನನ್ನ ಮದುವೆಯ ಫೋಟೋ ಕಣ್ಣಮುಂದೆ ಬಂತು. ಕಂದೀಲು ಇರುವ ಕಡೆ ನಾನು ನಿಂತಿದ್ದೆ, ಕಣ್ಣು ಪೂರ್ತಿ ಕ್ಯಾಮೆರಾದ ಮೇಲೆ.

“ಇದು ನಿನಗ ಗೊತ್ತಿತ್ತೇನು?” ನಸ್ರೀನಳನ್ನು ಕೇಳಿದೆ.

“ಗೊತ್ತಿಲ್ದೇನ್ರಿ? ಸಣ್ಣಾಕಿ ಇದ್ದಾಗ ಆ ಬಕರಿಗಿ ದಿನಾ ಹುಲ್ಲ ತಿನಸ್ತಿದ್ದೆ. ಅಬ್ಬಾ ಬೈತಿದ್ರು, ಪರದಿ ಹೊಲಸ ಆಗ್ತದ ಅಂತ. ನೋಡ್ರಿ, ಮೂತಿ ಹತ್ರ ಹಸರ ಕಲಿ ಇನ್ನೂ ಅದ.”

“ಮತ್ತ ನನಗ ಹೇಳಬೇಕಿಲ್ಲೇನು?”

“ನೀವು ಫೋಟೋ ಕೇಳಿದ್ರಿ, ಫೋಟೋ ಕಳಿಸ್ದೆ. ದೋಣಿ ಕೇಳಿದ್ರ ದೋಣಿ ಹೇಳ್ತಿದ್ದೆ.”

ವರದಿಗಾರನ ಹದಿನಾರು ದಾಖಲೆಗಳ ಕಥೆ ಅಲ್ಲಿಗೆ ಮುಗಿಯಿತು. ಸ್ಟುಡಿಯೋದ ಸ್ಟೂಲಿನ ಮೇಲೆ ಕೂತೇ ಮಾಸ್ತರಿಗೆ ಫೋನ್ ಹಚ್ಚಿದೆ. ನಕ್ಕರು. ಅವರು ಸಮುದ್ರ ನೋಡಿಯೇ ಇಲ್ಲವಂತೆ. “ಅದು ಮಾಂಜ್ರಾ ನದಿರಿ. ನನ್ನ ಮೊದಲ ನೌಕರಿ ಎಕಂಬಾದ ಸಾಲ್ಯಾಗ. ಹೊಳಿ ಬಂದಿತ್ತು, ದಾಟಿದ್ವಿ. ಬದುಕ್ತೀವಿ ಅಂತ ಯಾರಿಗೂ ಅನಸಿದ್ದಿಲ್ಲ. ಪುಸ್ತಕ ಹೊತ್ತಾವ ನಾನೇ.” ಹಾಗಾದರೆ ಫೋಟೋಕ್ಕೆ ನಿಲ್ಲುವವರಿಗೆ ಮುಚ್ಚಿಹೋಗುವ ಕಡೆ ಅದನ್ನು ಯಾಕೆ ಬರೆದಿರಿ ಅಂದೆ. “ಚಿತ್ರದ ನಡುವ ಅಲ್ಲೇ ಇತ್ತಲ್ರಿ. ಮತ್ತೆಲ್ಲಿ ಬರೀಲಿ?”

ಎರಡು ಶೈಲಿಗಳ ವ್ಯತ್ಯಾಸವನ್ನು ನಾನು ಅರ್ಧ ಪುಟದಲ್ಲೂ ಹೇಳಿದ್ದೆ, ಎರಡು ಪುಟದಲ್ಲೂ ಹೇಳಿದ್ದೆ. ಮಾಸ್ತರು ಒಂದೇ ಮಾತಿನಲ್ಲಿ ಮುಗಿಸಿದರು. ಒಂದು ಚಿತ್ರ ನಮಗಾಗಿ ಜಾಗ ಬಿಟ್ಟು ಕಾಯುತ್ತದೆ. ಇನ್ನೊಂದಕ್ಕೆ ನಮ್ಮ ನೆನಪೇ ಇರುವುದಿಲ್ಲ, ಅದರೊಳಗೆ ಆಗಲೇ ಜನ ತುಂಬಿರುತ್ತಾರೆ. ನಾವು ಹೋಗಿ ಅಡ್ಡ ನಿಲ್ಲುತ್ತೇವೆ.

ಪತ್ರಿಕೆಯಲ್ಲಿ ತಿದ್ದುಪಡಿಯನ್ನು ಒಳಪುಟದ ಮೂಲೆಯಲ್ಲಿ, ಯಾರಿಗೂ ಕಾಣದ ಅಕ್ಷರದಲ್ಲಿ ಹಾಕುವುದು ರೂಢಿ. ನಾನೂ ಹಾಗೇ ಹಾಕಿದವನು. ಆ ದಿನ ಮಾತ್ರ ಸುನಂದಾ ಮೇಡಂಗೆ ದಪ್ಪಕ್ಷರದಲ್ಲಿ ಇಮೇಲ್ ಬರೆದೆ: ‘ಗುರುವಾರದ ಟಿಪ್ಪಣಿಯ ಎರಡನೆಯ ಪುಟ, ಮೂರನೆಯ ಪ್ಯಾರಾದಲ್ಲಿ ನಡುವೆ ಏನೂ ಇಲ್ಲ ಎಂದಿರುವುದನ್ನು, ನಡುವೆ ಒಂದು ದೋಣಿ, ಆರು ಜನ ಹಾಗೂ ಒಂದು ಆಡು ಇವೆ ಎಂದು ಓದಿಕೊಳ್ಳಬೇಕು. ದೋಷ ಚಿತ್ರದ್ದಲ್ಲ, ನೋಡದೆ ಬರೆದವನದು. ನನ್ನ ಮತ ತೂಫಾನಿಗೆ.’ ನನ್ನ ಮತ ಅನ್ನುವ ಎರಡು ಶಬ್ದವನ್ನು ನಾನು ಅದಕ್ಕೂ ಮೊದಲು ಇನ್ನೊಬ್ಬರು ಓದುವ ಯಾವ ಬರಹದಲ್ಲೂ ಬರೆದಿರಲಿಲ್ಲ.

ಹತ್ತು ನಿಮಿಷಕ್ಕೆ ಸುನಂದಾ ಮೇಡಂ ಫೋನ್ ಬಂತು.

“ಸರ್, ಖಂಬಾನೇ ಅಂತ ಎಲ್ಲಾರೂ ಒಪ್ಪಿ ಬಿಟ್ಟಿದ್ರಲ್ರಿ. ನಿಮ್ಮ ಟಿಪ್ಪಣಿ ಓದೇ ಒಪ್ಪಿದ್ದು.”

“ತಪ್ಪಾಗ್ಯಾದ ಮೇಡಂ.”

“ಆಡು ಅಂತ ಬರ್ದೀರಿ. ಖರೇನ ಆಡು?”

“ಖರೇನ ಆಡು.”

“ಎರಡೂ ತರಿಸ್ರಿ ಹಂಗಾದ್ರ. ನಾಳಿ ನೆಲದ ಮ್ಯಾಲ ಹಾಸಿ ನೋಡಾಮು.”

ನಸ್ರೀನ್ ಅಂಗಡಿಗೆ ಬೀಗ ಹಾಕಿ, ಟೆಂಪೋದಲ್ಲಿ ಸುರುಳಿಗಳ ಪಕ್ಕ ತಾನೇ ಕೂತು ಬಂದಳು. ಸೋಮವಾರ ಕಮಿಟಿಯ ಐವರೂ ಕಂಬದ ಪರದೆಯ ಸುತ್ತ ನಿಂತು, “ಭಾಳ ಶಿಸ್ತದ” ಅಂದರು. ಆಮೇಲೆ ತೂಫಾನು ಹಾಸಿದೆವು. ಸ್ವಲ್ಪ ಹೊತ್ತಿಗೆ ಐವರೂ ಚಪ್ಪಲಿ ಬಿಚ್ಚಿ, ಮೊಣಕಾಲೂರಿ ದೋಣಿಯ ಮೇಲೆ ಬಗ್ಗಿದ್ದರು. ಒಬ್ಬರು ಆರು ಜನರನ್ನು ಎಣಿಸಿ ನನ್ನ ತಿದ್ದುಪಡಿಯನ್ನು ಪರಿಶೀಲಿಸಿದರು. ಆ ಭಂಗಿಯಲ್ಲಿ ಕಂಬದ ಪರ ವಾದಿಸುವುದು ಯಾರಿಗೂ ಸಾಧ್ಯವಾಗಲಿಲ್ಲ.

ಪರದೆ ಗೋಡೆಗೇರಿದ ದಿನ ಮಾಸ್ತರನ್ನು ಆಟೋದಲ್ಲಿ ಕರೆದುಕೊಂಡು ಹೋದೆ. ಭಾಷಣಗಳಾದವು, ಶಾಲು ಹೊದಿಸಿದರು. ದೊಡ್ಡವರೆಲ್ಲ ಸಾಲಾಗಿ ಪರದೆಗೆ ಬೆನ್ನು ಹಾಕಿ ನಿಂತು ಫೋಟೋ ತೆಗೆಸಿಕೊಂಡರು. ಮಾಸ್ತರನ್ನೂ ನಡುವೆ ನಿಲ್ಲಿಸಿದರು. ಎಲ್ಲರೂ ತಿಂಡಿಗೆ ಹೋದ ಮೇಲೆ ಅವರು ಎದುರಿನ ಕುರ್ಚಿಯಲ್ಲಿ ಕೂತರು. ನಾನು ಪಕ್ಕದಲ್ಲಿ ನಿಂತೆ. ಕ್ಲಾಸು ಬಿಟ್ಟಿತು. ಹುಡುಗಿಯರಿಬ್ಬರು ಬಂದವರೇ ಪರದೆಗೆ ಬೆನ್ನು ತಿರುಗಿಸಿ ಮೊಬೈಲ್ ಎತ್ತಿದರು. ಇಷ್ಟೆಲ್ಲ ಮಾಡಿ ಕಡೆಗೂ ಇದೇ ಆಯಿತಲ್ಲ ಅಂತ ನಾನು ಬೇರೆ ಕಡೆ ನೋಡಿದೆ.

“ಏ, ಜರಾ ಸರೀ ಅಕಡಿ. ದೋಣಿ ಕಾಣವಲ್ದು.”

“ಸರದೀನಿ. ನೀನೂ ಸರೀ, ಕಂದೀಲ ಮುಚ್ಚೀದಿ.”

ಒಬ್ಬಳು ಎಡಕ್ಕೆ ಸರಿದಳು, ಇನ್ನೊಬ್ಬಳು ಬಲಕ್ಕೆ. ಮೊಬೈಲಿನಲ್ಲಿ ಇಬ್ಬರದೂ ಅರ್ಧರ್ಧ ಮುಖ ಉಳಿದಿರಬೇಕು. ಸರಿಯಾಗಲಿಲ್ಲವೇನೋ, ಮೊಬೈಲ್ ಇಳಿಸಿ ಇಬ್ಬರೂ ತಿರುಗಿ ಪರದೆಯ ಹತ್ತಿರ ಹೋದರು. ಮೂಗು ತಾಗುವಷ್ಟು ಹತ್ತಿರ.

“ತಲಿ ಮ್ಯಾಲ ಏನ್ ಹೊತ್ತಾನ ಅಂವ?”

“ಪುಸ್ತಕ ಇರಬೇಕು ನೋಡ. ತಾ ಮುಳುಗಿದ್ರೂ ಪುಸ್ತಕ ಮುಳುಗಬಾರ್ದಂತ.”

ಮಾಸ್ತರು ಕುರ್ಚಿಯಿಂದ ಮುಂದೆ ಬಾಗಿದರು. ಅವರ ಉಳಿದೊಂದು ಕಣ್ಣು ಆ ಹುಡುಗಿಯರ ಬೆನ್ನಿನ ಮೇಲಿತ್ತು. ಬಹಳ ಹೊತ್ತು ಹಾಗೇ ನೋಡಿದರು. ಆಮೇಲೆ ನನ್ನ ಅಂಗಿಯ ತೋಳು ಹಿಡಿದು ಜಗ್ಗಿದರು.

“ಬರ್ಕೋರಿ” ಅಂದರು. “ಇದನ್ನ ನೀವು ಬಂದು ನೋಡೀರಿ.”